ಇಪ್ಪತ್ತು ನಿಮಿಷದಲ್ಲಿ ಮಾಯವಾಗುವ ಪಾರ್ಲರ್: ಬಾಡಿಗೆ ಮನೆಯ ಕೋಣೆಯೊಂದರ ಕೆಲಸದ ದಿನಚರಿ

ವಾರದ ಐದು ದಿನ ಆ ಕೋಣೆ ಮಗಳದ್ದು. ಅವಳ ಮೇಜು, ಅವಳ ಪುಸ್ತಕ, ಗೋಡೆಗೆ ಒರಗಿಸಿದ ಅವಳ ಸೈಕಲ್ಲು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ನನ್ನದು. ಮನೆ ಬಾಡಿಗೆಯದು, ಒಂದು ಮೊಳೆ ಹೊಡೆಯಬೇಕಾದರೂ ಕೇಳಬೇಕು. ನನಗೆ ವಾರವಿಡೀ ಆಫೀಸು. ಹೇರ್ ಸ್ಟೈಲಿಂಗ್ ಕೋರ್ಸ್ ಮುಗಿಸಿ ಎರಡು ವರ್ಷ ಆಗಿತ್ತು, ಕತ್ತರಿ ಪೆಟ್ಟಿಗೆಯಲ್ಲೇ ಇತ್ತು. ಈ ಸಲ ಶುರು ಮಾಡಿಯೇ ಬಿಡೋಣ ಅಂತ ಹೊರಟೆ.

ಕೆಲಸಕ್ಕೆ ಇಳಿಯುವ ಮೊದಲು ಒಂದೇ ಒಂದು ನಿಯಮ ಹಾಕಿಕೊಂಡೆ: ಒಳಗೆ ಬಂದ ವಸ್ತು ಗುರುತು ಬಿಡದೆ ಹೊರಗೆ ಹೋಗಬೇಕು. ಭಾನುವಾರ ಸಂಜೆ ಮಗಳು ಹೋಂವರ್ಕ್‌ಗೆ ಕೂತಾಗ ಅಲ್ಲಿ ಒಂದು ಕೂದಲೂ ಕಾಣಬಾರದು. ಮುಂದೆ ಬರೆದಿರುವ ಎಲ್ಲ ಒದ್ದಾಟವೂ ಈ ನಿಯಮದ್ದೇ.

ಓನರ್ ಆಂಟಿ ಜೊತೆ ಮಾತು

ನಮ್ಮ ಬಾಡಿಗೆ ಕರಾರಿನಲ್ಲಿ "ವಾಸಕ್ಕೆ ಮಾತ್ರ" ಅಂತ ಇತ್ತು. ಕೇಳದೆ ಶುರು ಮಾಡಿ ಆಮೇಲೆ ಸಿಕ್ಕಿಬೀಳುವುದು ನನಗೆ ಬೇಕಿರಲಿಲ್ಲ. ಬಾಡಿಗೆ ಕೊಡಲು ಹೋದಾಗಲೇ ವಿಷಯ ತೆಗೆದೆ.

"ಆಂಟಿ, ವಾರಕ್ಕೆ ನಾಲ್ಕೈದು ಜನ ಬರ್ತಾರೆ, ಒಬ್ಬೊಬ್ಬರಾಗಿ. ತುದಿ ಕತ್ತರಿಸೋದು, ಕೂದಲು ಸೆಟ್ ಮಾಡೋದು, ಅಷ್ಟೇ."

"ಬಣ್ಣ ಗಿಣ್ಣ ಹಚ್ತೀಯೇನಮ್ಮ? ನೆಲಕ್ಕೆ ಬಿದ್ರೆ ಹೋಗಲ್ಲ ಅದು."

"ಬಣ್ಣ ಇಲ್ಲ ಆಂಟಿ. ಗೋಡೆಗೆ ಮೊಳೆನೂ ಇಲ್ಲ."

"ಬಾಗಿಲಿಗೆ ಬೋರ್ಡು ಹಾಕಬೇಡ. ಪೈಪು ಕಟ್ಟಿಕೊಂಡ್ರೆ ನೀನೇ ಮಾಡಿಸ್ಕೋಬೇಕು, ನನ್ನ ಹತ್ರ ಬರಬಾರದು."

ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಅದೇ ದಿನ ಖಾಲಿ ಕೋಣೆಯ ಫೋಟೋ ತೆಗೆದೆ. ನೆಲದ ಬಿರುಕು, ಗೋಡೆಯ ಹಳೇ ಕಲೆ, ಸಾಕೆಟ್ಟು, ಕಿಟಕಿಯ ಅಂಚು, ಏನನ್ನೂ ಬಿಡಲಿಲ್ಲ. ಮನೆ ಬಿಡುವ ದಿನ ಅಡ್ವಾನ್ಸ್ ವಾಪಸ್ ಬರಬೇಕಲ್ಲ. ಆಫೀಸಿನ ನೇಮಕಾತಿ ಪತ್ರವನ್ನೂ ತೆಗೆದು ಓದಿದೆ. ಬೇರೆ ಕೆಲಸ ಮಾಡುವವರು ಮೊದಲೇ ತಿಳಿಸಬೇಕು ಅಂತ ಅದರಲ್ಲಿತ್ತು, ತಿಳಿಸಿದೆ. ಮನೆಯಿಂದ ಇಂಥ ಕೆಲಸ ಮಾಡಲು ಊರಿನ ಆಡಳಿತದ ಪರವಾನಗಿ ಬೇಕೋ ಬೇಡವೋ ಅನ್ನುವುದು ಊರಿಂದೂರಿಗೆ ಬೇರೆ. ಅದನ್ನು ನೀವು ನಿಮ್ಮ ಕಚೇರಿಯಲ್ಲೇ ವಿಚಾರಿಸಬೇಕು, ನನ್ನ ಮಾತು ನಂಬಿ ಕೂರಬೇಡಿ.

ಬಣ್ಣ ಇಲ್ಲ ಅಂದದ್ದು ಆಂಟಿಯನ್ನು ಸಮಾಧಾನ ಮಾಡಲು ಮಾತ್ರ ಅಲ್ಲ. ಕಪ್ಪು ಬಣ್ಣದ ಎಷ್ಟೋ ಹೇರ್ ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಜೋರಾಗಿ ಅಲರ್ಜಿ ಮಾಡುತ್ತದೆ, ಮುಖವೆಲ್ಲ ಊದಿಕೊಳ್ಳಬಹುದು. ಅದಕ್ಕೇ ಡಬ್ಬದ ಮೇಲೆ 48 ಗಂಟೆ ಮೊದಲು ಚರ್ಮದ ಮೇಲೆ ಹಚ್ಚಿ ನೋಡಿ ಅಂತ ಬರೆದಿರುತ್ತಾರೆ. ಶನಿವಾರದ ಗಿರಾಕಿ ಗುರುವಾರ ಬಂದು ತೋರಿಸಿ ಹೋಗಬೇಕು, ಗುರುವಾರ ನಾನು ಆಫೀಸಿನಲ್ಲಿ. ಇದು ಆಗುವ ಮಾತಲ್ಲ. ಕಲಸಿ ಉಳಿದ ಬಣ್ಣದ್ದೂ ಒಂದು ತಲೆನೋವು. ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಆಮ್ಲಜನಕ ಬಿಡುತ್ತಾ ಇರುತ್ತದೆ, ಮುಚ್ಚಳ ಬಿಗಿಯಾಗಿ ಹಾಕಿಟ್ಟರೆ ಡಬ್ಬ ಸಿಡಿಯಬಹುದು. ಕೂದಲು ನೇರ ಮಾಡುವ ಕೆರಾಟಿನ್ ಟ್ರೀಟ್‌ಮೆಂಟ್ ಇನ್ನೂ ಬೇಡ. ಅಂಥ ಕೆಲವು ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿತು. ಒಂದೇ ಕಿಟಕಿಯ ಕೋಣೆ, ಸಂಜೆ ಅಲ್ಲೇ ಮಗು ಕೂತು ಓದಬೇಕು. ಈ ಎರಡೂ ಬಿಟ್ಟಿದ್ದರಿಂದ ಅರ್ಧ ಗಿರಾಕಿಗಳು ಹೋದರು. ಹೋಗಲಿ.

ಕನ್ನಡಿ

ಮೊದಲು ಮನೆಯಲ್ಲಿದ್ದ ಹಳೇ ಕನ್ನಡಿಯನ್ನು ಒಂದು ಪ್ಲೈವುಡ್ ತುಂಡಿಗೆ ಸಿಲಿಕೋನ್ ಹಚ್ಚಿ ಅಂಟಿಸಿದೆ. ಹಚ್ಚುವಾಗ ವಿನೆಗರ್ ಥರ ಘಾಟು ಬರುತ್ತಿತ್ತು, ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೆಲವು ವಾರಕ್ಕೆ ಕನ್ನಡಿಯ ಮುಖದಲ್ಲಿ ಕಪ್ಪು ಚುಕ್ಕೆಗಳು ಎದ್ದವು, ನಾನು ಅಂಟು ಎಳೆದ ಗೆರೆಯ ಉದ್ದಕ್ಕೂ. ಆ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಅದು ಕನ್ನಡಿಯ ಹಿಂದಿನ ಲೇಪವನ್ನು ತಿಂದುಹಾಕುತ್ತದೆ. ಕನ್ನಡಿಗೆ "ನ್ಯೂಟ್ರಲ್" ಅಂತ ಬರೆದಿರುವ ಟ್ಯೂಬೇ ಬೇಕು. ನಾನು ಆಮೇಲೆ ಅಂಟಿನ ಸಹವಾಸವನ್ನೇ ಬಿಟ್ಟು ಕ್ಲಿಪ್ ಹಾಕಿದೆ.

ಎರಡನೇ ಕನ್ನಡಿ 60 ಸೆಂಟಿಮೀಟರ್ ಅಗಲ, 90 ಎತ್ತರ, 5 ಮಿಲಿಮೀಟರ್ ದಪ್ಪ. ಗಾಜಿನ ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರಿಗೆ, ದಪ್ಪದ ಪ್ರತಿ ಮಿಲಿಮೀಟರಿಗೆ ಎರಡೂವರೆ ಕೆಜಿ. ನನ್ನದು 6.75 ಕೆಜಿ ಬಂತು, ಪ್ಲೈವುಡ್ ಬೇರೆ. ಬೆನ್ನಿಗೆ ಪೂರ್ತಿ ಅಂಟುವ ಪ್ಲಾಸ್ಟಿಕ್ ಹಾಳೆ ಹಚ್ಚಿದೆ, ಒಡೆದರೂ ಚೂರುಗಳು ಅದಕ್ಕೇ ಅಂಟಿಕೊಂಡಿರಲಿ ಅಂತ. ಮೊಳೆ ಹೊಡೆಯುವಂತಿಲ್ಲವಲ್ಲ, ಹಾಗಾಗಿ ಏಣಿಯ ಹಾಗೆ ಕಾಲು ಅಗಲಿಸಿ ನಿಲ್ಲುವ ಮರದ ಸ್ಟ್ಯಾಂಡ್ ಮಾಡಿದೆ. ಮುಂದೆ ಎರಡು ಕಾಲು, ಹಿಂದೆ ಎರಡು, ಮೇಲೆ ಎರಡು ಕೀಲು.

ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬಂದೆ. ಹಿಂದಿನ ಕಾಲುಗಳು ನೆಲದ ಮೇಲೆ ನಿಧಾನಕ್ಕೆ ಜಾರಲು ಶುರು ಮಾಡಿದವು. ಕನ್ನಡಿ ಆಕಳಿಸಿದ ಹಾಗೆ ಹಿಂದಕ್ಕೆ ವಾಲಿತು. ಮಗಳ ಸ್ಕೂಲ್ ಬ್ಯಾಗ್ ಅಲ್ಲಿ ಇಲ್ಲದೇ ಹೋಗಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ಅವಳು ಬ್ಯಾಗನ್ನು ಎಲ್ಲೆಂದರಲ್ಲಿ ಎಸೆಯುತ್ತಾಳೆ ಅಂತ ನಾನು ದಿನಾ ಬೈಯುವುದು, ಆ ದಿನ ಬಾಯಿ ಮುಚ್ಚಿಕೊಂಡೆ. ಮಾರನೇ ದಿನ ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಎರಡೂ ಕಡೆ ಸರಪಳಿ ಕಟ್ಟಿದೆ, ಅದಕ್ಕಿಂತ ಜಾಸ್ತಿ ಅಗಲಿಸಲು ಆಗದಂತೆ. ಅಡಿಗೆ ರಬ್ಬರ್ ಬೂಟು. ಕನ್ನಡಿಯ ಕೆಳ ಅಂಚು ನೆಲದಿಂದ 75 ಸೆಂಟಿಮೀಟರಿಗೆ ಬಂತು, ಮೇಲಂಚು 165ಕ್ಕೆ. ಕೂತವರಿಗೆ ಮುಖವೂ ಭುಜವೂ ಕಾಣುತ್ತದೆ, ಹಿಂದೆ ನಿಂತ ನನ್ನ ಕೈಯೂ ಕಾಣುತ್ತದೆ. ಕೆಲಸ ಮುಗಿದ ಮೇಲೆ ಕಾಲು ಮಡಚಿ ಬೀರುವಿನ ಹಿಂದೆ ತಳ್ಳಿದರೆ ಆಯಿತು.

ಬೆಳಕು

ಕೋಣೆಯ ನಡುವಿನ ಟ್ಯೂಬ್‌ಲೈಟ್ ನೆತ್ತಿಯ ಮೇಲಿಂದ ಬೀಳುತ್ತದೆ. ನೆತ್ತಿ ಹೊಳೆಯುತ್ತದೆ, ಕತ್ತಿನ ಹಿಂದೆ ಕತ್ತಲೆ. ಕತ್ತರಿಗೆ ಬೆಳಕು ಬೇಕಾಗಿರುವುದೇ ಅಲ್ಲಿ. ಪಕ್ಕದ ಮನೆ ಅಕ್ಕನಿಗೆ ಭುಜದವರೆಗೆ ಸಮ ಕತ್ತರಿಸಿದ್ದೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಸಿಕ್ಕಾಗ ಅವರು ಏನೂ ಹೇಳಲಿಲ್ಲ, ನನಗೇ ಕಂಡಿತು. ಎಡಗಡೆ ಒಂದು ಬೆರಳಷ್ಟು ಉದ್ದ. ವಾಪಸ್ ಕೂರಿಸಿ ಸರಿ ಮಾಡಿಕೊಟ್ಟೆ.

ಈಗ ಕನ್ನಡಿ ಚೌಕಟ್ಟಿನ ಎಡಕ್ಕೊಂದು ಬಲಕ್ಕೊಂದು ಎಲ್‌ಇಡಿ ಪಟ್ಟಿ ಇದೆ, ಮುಖದ ಎತ್ತರದಲ್ಲಿ, ಕ್ಲಾಂಪ್ ಹಾಕಿ ಸಿಕ್ಕಿಸಿದ್ದು. ಕೊಳ್ಳುವಾಗ ಪೊಟ್ಟಣದ ಮೇಲೆ ಎರಡು ಸಂಖ್ಯೆ ನೋಡಿದೆ. ಒಂದು 4000 ಕೆಲ್ವಿನ್, ಅಂದರೆ ಬೆಳಕು ಹಳದಿಯೋ ಬಿಳಿಯೋ ಅನ್ನುವ ಅಳತೆ. 2700ರ ಹಳದಿ ಬಲ್ಬಿನಲ್ಲಿ ಕಂದು ಕೂದಲೂ ಕೆಂಪಗೆ ಕಾಣುತ್ತದೆ, 6500ರಲ್ಲಿ ಮುಖ ಜ್ವರ ಬಂದವರ ಹಾಗೆ ಬಿಳಿಚಿಕೊಳ್ಳುತ್ತದೆ. ಇನ್ನೊಂದು ಸಿಆರ್‌ಐ, ಅಂದರೆ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ. ಅದು 90ಕ್ಕಿಂತ ಮೇಲಿರಬೇಕು. ಬಣ್ಣ ಹಚ್ಚದವಳಿಗೆ ಇದೇಕೆ ಅಂದರೆ, ತುರುಬಿಗೆ ಚೌರಿ, ಅಂದರೆ ಕಟ್ಟುಗೂದಲು, ಸೇರಿಸುವಾಗ ಗಿರಾಕಿಯ ಕೂದಲಿಗೆ ಅದು ಹೊಂದಬೇಕಲ್ವಾ? ಕೋಣೆಯಲ್ಲಿ ಹೊಂದಿ, ಬಿಸಿಲಿಗೆ ಹೋದ ತಕ್ಷಣ ಬೇರೆಯಾಗಿ ಕಂಡರೆ ಮರ್ಯಾದೆ ಹೋಯಿತು.

ಕೈಯಲ್ಲಿರುವ ಹಣ ಕಮ್ಮಿ ಇದ್ದರೆ ಮೊದಲು ಬೆಳಕಿಗೆ ಹಾಕಿ. ಬ್ರಷ್ಷು, ಸೀರಮ್ಮು ಎಲ್ಲ ಆಮೇಲೆ.

ಕುರ್ಚಿ

ಊಟದ ಮೇಜಿನ ಕುರ್ಚಿಯ ಎತ್ತರ 45 ಸೆಂಟಿಮೀಟರ್. ಅದರಲ್ಲಿ ಕೂತವರ ಕುತ್ತಿಗೆಯ ಹಿಂದೆ ಕೆಲಸ ಮಾಡಬೇಕೆಂದರೆ ನಾನು ಬಾಗಿಯೇ ಇರಬೇಕು. ಎರಡು ಗಿರಾಕಿ ಆದ ಮೇಲೆ ನಾನು ನೆಲದ ಮೇಲೆ ಅಂಗಾತ ಮಲಗಿದ್ದೆ. ಕುರ್ಚಿ ಕಾಲಿಗೆ ಮರದ ತುಂಡು ಇಟ್ಟು ನೋಡಿದೆ, ಅಲ್ಲಾಡಿತು. ಕತ್ತರಿ ಕೈಯಲ್ಲಿರುವಾಗ ಕುರ್ಚಿ ಅಲ್ಲಾಡಿದರೆ ಕಿವಿಗೆ ಬಂತು. ಅದನ್ನು ಅಲ್ಲಿಗೇ ಬಿಟ್ಟೆ.

ಪಾರ್ಲರಿನ ಹೈಡ್ರಾಲಿಕ್ ಕುರ್ಚಿ ಭಾರ, ಮಡಚಲು ಬರುವುದಿಲ್ಲ, ನಮ್ಮ ನಿಯಮಕ್ಕೆ ಹೊಂದುವುದಿಲ್ಲ. ಹಾಗಾಗಿ ನಕ್ಷೆ ಬಿಡಿಸುವವರು ಬಳಸುವ ಎತ್ತರದ ಆಫೀಸ್ ಕುರ್ಚಿಯೊಂದನ್ನು ಸೆಕೆಂಡ್ ಹ್ಯಾಂಡ್ ತಂದೆ. ಕಾಲಿಡಲು ಬಳೆಯಂಥ ಕಂಬಿ ಇದೆ, ಲಿವರ್ ಎತ್ತಿದರೆ ಮೇಲೆ ಹೋಗುತ್ತದೆ. ತೊಂದರೆ ಮೂರು: ಚಕ್ರ, ಕೈ, ಬೆನ್ನು.

ಚಕ್ರ ಸುಲಭ. ಕುರ್ಚಿಯನ್ನು ಮಗುಚಿ ಹಾಕಿ, ಸ್ಕ್ರೂಡ್ರೈವರ್ ತೂರಿಸಿ ಮೇಲಕ್ಕೆ ಮೀಟಿದರೆ ಚಕ್ರ ಟಪ್ ಅಂತ ಕೈಗೆ ಬರುತ್ತದೆ. ಸಾಮಾನ್ಯವಾಗಿ ಅದರ ಕಡ್ಡಿ 11 ಮಿಲಿಮೀಟರ್ ದಪ್ಪ. ಅದೇ ಅಳತೆಯ ಗ್ಲೈಡ್, ಅಂದರೆ ಉರುಳದ ಗುಂಡು ಕಾಲು, ಸಿಗುತ್ತದೆ. ಐದನ್ನೂ ಅಂಗೈಯಿಂದ ಗುದ್ದಿ ಕೂರಿಸಿದೆ. ಕುರ್ಚಿ ಈಗ ತಿರುಗುತ್ತದೆ, ಆದರೆ ಓಡುವುದಿಲ್ಲ. ಕೈಗಳಿಗೆ ಅಡಿಯಲ್ಲಿ ಎರಡೆರಡು ಬೋಲ್ಟು. ಬಿಚ್ಚಿ, ಬೋಲ್ಟುಗಳನ್ನು ಅದೇ ತೂತಿಗೆ ತಿರುಗಿಸಿಟ್ಟೆ, ಕಳೆದುಹೋಗಬಾರದು ನೋಡಿ. ಬೆನ್ನಿನ ಭಾಗ ಭುಜದವರೆಗೆ ಬರುತ್ತಿತ್ತು, ಬೆನ್ನ ಮೇಲೆ ಇಳಿಬಿಟ್ಟ ಕೂದಲಿಗೆ ಅಡ್ಡ. ಅದನ್ನು ತೀರಾ ಕೆಳಗಿನ ತೂತಿಗೆ ಇಳಿಸಿದೆ. ಗ್ಯಾಸ್ ಸಿಲಿಂಡರಿಗೆ ಮಾತ್ರ ಕೈ ಹಚ್ಚಲಿಲ್ಲ. ಅದರೊಳಗೆ ಒತ್ತಡ ಇರುತ್ತದೆ, ಕುತೂಹಲಕ್ಕೆ ಬಿಚ್ಚುವ ವಸ್ತು ಅಲ್ಲ.

ನೆಲಕ್ಕೆ ಒಂದು ವಿನೈಲ್ ಹಾಳೆ. ಮೊದಲ ಸಲ ಡಬಲ್ ಟೇಪ್ ಹಚ್ಚಿ ಕೂರಿಸಿದ್ದೆ, ಕೀಳುವಾಗ ನೆಲದ ಪಾಲಿಶ್ ಒಂದು ಕಡೆ ಮಂಕಾಯಿತು. ಓನರ್ ಆಂಟಿಗೆ ಇನ್ನೂ ಹೇಳಿಲ್ಲ. ಈಗ ಟೇಪ್ ಇಲ್ಲದೆ ಸುಮ್ನೆ ಹಾಸುತ್ತೇನೆ, ಕುರ್ಚಿಯ ಭಾರಕ್ಕೆ ಅದೇ ಕೂರುತ್ತದೆ. ಗುಡಿಸಲು ರಬ್ಬರ್ ಹಲ್ಲಿನ ಪೊರಕೆ. ಮಾಮೂಲಿ ಪೊರಕೆಗೆ ಕೂದಲು ಹಾರುತ್ತದೆ, ರಬ್ಬರಿಗೆ ಅಂಟಿಕೊಂಡು ಉಂಡೆಯಾಗಿ ಬರುತ್ತದೆ.

ಸುಟ್ಟ ವಾಸನೆ, ಎರಡು ಸಲ

ಮೊದಲನೆಯದು ಕರೆಂಟಿನದ್ದು. ಡ್ರೈಯರ್ ಹಾಕಿ ಐದು ನಿಮಿಷ ಆಗಿತ್ತು, ಪ್ಲಾಸ್ಟಿಕ್ ಕಮಟು ಬಂತು. ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ತೂತಿನ ಸುತ್ತ ಕಂದು ಬಣ್ಣ. ಬೋರ್ಡನ್ನು ತಿರುಗಿಸಿ ನೋಡಿದೆ, ಬೆನ್ನ ಮೇಲೆ 6 ಆಂಪ್ ಅಂತ ಅಚ್ಚಾಗಿತ್ತು. ನನ್ನ ಡ್ರೈಯರ್ 1800 ವಾಟ್. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ 7.8 ಆಂಪ್. ಲೆಕ್ಕ ಅಲ್ಲೇ ತಪ್ಪಿತ್ತು. ಸಾಲದ್ದಕ್ಕೆ ಉಳಿದ ವೈರನ್ನು ಚೆಂದವಾಗಿ ಸುರುಳಿ ಸುತ್ತಿ ಇಟ್ಟಿದ್ದೆ. ಸುರುಳಿಯಲ್ಲಿ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ, ಒಳಗೇ ಕುದಿಯುತ್ತದೆ.

ಎಲೆಕ್ಟ್ರಿಷಿಯನ್ ಕರೆಸಿದೆ, ಓನರ್ ಆಂಟಿಗೆ ಫೋನ್ ಮಾಡಿ ಹೇಳಿಯೇ. ಗೋಡೆಯ ಸಾಕೆಟ್ಟಿನ ಒಳಗೆ ಹಿತ್ತಾಳೆ ಹಿಡಿ ಸಡಿಲವಾಗಿದೆ ಅಂತ ಬಿಚ್ಚಿ ತೋರಿಸಿದರು, ಬದಲಾಯಿಸಿದರು. ಡ್ರೈಯರ್ ಈಗ ನೇರ ದೊಡ್ಡ ಸಾಕೆಟ್ಟಿಗೆ. ಎಕ್ಸ್‌ಟೆನ್ಷನ್ನಿಗೆ ದೀಪ ಮತ್ತು ಸ್ಟ್ರೈಟ್ನರ್ ಮಾತ್ರ. ಸ್ಟ್ರೈಟ್ನರ್ ಅಷ್ಟು ಬಿಸಿಯಾಗುತ್ತದಲ್ಲ, ಅದೇ ಜಾಸ್ತಿ ಕರೆಂಟ್ ಎಳೆಯುತ್ತದೆ ಅಂದುಕೊಂಡಿದ್ದೆ. ಹಿಡಿಕೆ ಮೇಲೆ ಓದಿದರೆ ಬರೀ 45 ವಾಟ್. ಎರಡು ಪುಟ್ಟ ಪಟ್ಟಿ ಬಿಸಿ ಮಾಡುವುದೆಲ್ಲಿ, ಕೋಣೆಯ ಗಾಳಿಯನ್ನೇ ಬಿಸಿ ಮಾಡಿ ಊದುವುದೆಲ್ಲಿ. ಗೀಸರ್ ಮತ್ತು ಡ್ರೈಯರ್ ಒಟ್ಟಿಗೆ ಹಾಕಬಾರದು ಅಂತ ಸ್ನಾನದ ಮನೆ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಮನೆಯವರು ಅದನ್ನು ಓದುವುದಿಲ್ಲ, ಫ್ಯೂಸ್ ಹೋದ ಮೇಲೆ ಓದುತ್ತಾರೆ.

ಎರಡನೇ ವಾಸನೆ ಪೂರ್ತಿ ನನ್ನ ದಡ್ಡತನ. ಅಭ್ಯಾಸಕ್ಕೆ ತಂದ ಗೊಂಬೆ ತಲೆ ಅಸಲಿ ಕೂದಲಿನದ್ದೋ ನಕಲಿಯೋ ಅಂತ ನೋಡಲಿಲ್ಲ. 180 ಡಿಗ್ರಿಯ ಕರ್ಲಿಂಗ್ ಐರನ್ ಸುತ್ತಿದೆ. ಎಳೆ ಸುರುಳಿಯಾಗಲಿಲ್ಲ, ಕರಗಿತು. ಕಪ್ಪು ಗಮ್ಮಿನ ಹಾಗೆ ಕೊಳವೆಗೆ ಅಂಟಿ, ಎಳೆದರೆ ನೂಲು ನೂಲಾಗಿ ಬಂತು. ಕೊಳವೆ ಆರಿದ ಮೇಲೆ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒಂದು ಗಂಟೆ ಉಜ್ಜಿದೆ. ಅದರಿಂದ ಕಲಿತ ಅಭ್ಯಾಸ: ಈಗ ಯಾರ ತಲೆಗೆ ಐರನ್ ಇಡುವ ಮೊದಲೂ ಬಿಳಿ ಟಿಶ್ಯೂ ಕಾಗದವನ್ನು ಹಿಡಿದು ನೋಡುತ್ತೇನೆ. ಕಂದು ಬಂದರೆ ಬಿಸಿ ಜಾಸ್ತಿ. 1870ರ ದಶಕದಲ್ಲಿ ಪ್ಯಾರಿಸಿನ ಮಾರ್ಸೆಲ್ ಗ್ರಾಟೋ ಒಲೆಯಲ್ಲಿ ಕಾಸಿದ ಇಕ್ಕುಳದಿಂದ ಅಲೆ ಅಲೆಯಾದ ಕೂದಲು ಮಾಡಿ ಹೆಸರಾದ. ಡಿಗ್ರಿ ತೋರಿಸುವ ಪರದೆ ಇಲ್ಲದ ಆ ಕಾಲದ ಇಕ್ಕುಳಗಳಿಗೆ ಕಾಗದವೇ ಥರ್ಮಾಮೀಟರ್. ನನ್ನ ಐರನ್ನಿಗೆ ಪರದೆ ಇದ್ದರೂ ನಾನು ಕಾಗದವನ್ನೇ ಜಾಸ್ತಿ ನಂಬುತ್ತೇನೆ.

ಒದ್ದೆ ಕೂದಲಿಗೆ ಐರನ್ ಇಡುವುದೇ ಇಲ್ಲ. ಚುಂಯ್ ಅಂದರೆ ಅದು ಉಗಿ. ಎಳೆಯೊಳಗಿನ ನೀರು ಕುದ್ದು ಕೂದಲೊಳಗೇ ಗುಳ್ಳೆ ಏಳುತ್ತದೆ, ಆಮೇಲೆ ಅಲ್ಲೇ ಮುರಿಯುತ್ತದೆ.

ಸುರುಳಿ ನಿಲ್ಲಲಿಲ್ಲ

ಮೊದಲ ತಿಂಗಳ ದೂರು ಒಂದೇ. "ಮನೆಗೆ ಹೋಗೋಷ್ಟರಲ್ಲಿ ಎಲ್ಲಾ ಇಳಿದು ಹೋಯ್ತು ಕಣಮ್ಮ." ನಾನು ಸ್ಪ್ರೇ ಜಾಸ್ತಿ ಹೊಡೆದೆ. ಕೂದಲು ಕಡ್ಡಿಯಾಯಿತು, ಸುರುಳಿ ಇಳಿಯುವುದು ನಿಲ್ಲಲಿಲ್ಲ.

ಹೊಸ ಗೊಂಬೆ ತಲೆಯ ಮೇಲೆ, ಈ ಸಲ ಅಸಲಿ ಕೂದಲಿನದ್ದು, ಬೈತಲೆಯ ಎರಡು ಕಡೆ ಎರಡು ಥರ ಮಾಡಿ ನೋಡಿದೆ. ಎಡಗಡೆ ಐರನ್ ಸುತ್ತಿ, ಬಿಚ್ಚಿ, ಹಾಗೇ ಇಳಿಬಿಟ್ಟೆ. ಬಲಗಡೆ ಐರನ್ನಿನಿಂದ ಜಾರಿಸಿದ ಬಿಸಿ ಸುರುಳಿಯನ್ನು ಅಂಗೈಯಲ್ಲೇ ಹಿಡಿದು, ಬುಡದವರೆಗೆ ಮತ್ತೆ ಸುತ್ತಿ, ಕ್ಲಿಪ್ ಹಾಕಿ ಹತ್ತು ನಿಮಿಷ ಆರಲು ಬಿಟ್ಟೆ. ಅರ್ಧ ಗಂಟೆಗೆ ಎಡಗಡೆ ಜೋತುಬಿತ್ತು. ಬಲಗಡೆ ರಾತ್ರಿ ಮಲಗುವಾಗಲೂ ನಿಂತಿತ್ತು.

ಕೂದಲು ಕೆರಾಟಿನ್ ಅನ್ನುವ ಪ್ರೋಟೀನು. ಅದರ ಸರಪಳಿಗಳ ನಡುವೆ ಗಟ್ಟಿ ಗಂಧಕದ ಕಟ್ಟುಗಳೂ ಇವೆ, ಸಡಿಲವಾದ ಹೈಡ್ರೋಜನ್ ಕಟ್ಟುಗಳೂ ಇವೆ. ಐರನ್ನಿನ ಬಿಸಿ ಬಿಚ್ಚುವುದು ಸಡಿಲದ್ದನ್ನು. ಕೂದಲು ಆರುವಾಗ ಯಾವ ಆಕಾರದಲ್ಲಿ ಇರುತ್ತದೋ ಆ ಆಕಾರಕ್ಕೆ ಅವು ಮತ್ತೆ ಕಟ್ಟಿಕೊಳ್ಳುತ್ತವೆ. ಅಂದರೆ ಸುರುಳಿ ಹುಟ್ಟುವುದು ಬಿಸಿಯಲ್ಲಿ ಅಲ್ಲ, ಆರುವಾಗ. ನಾನು ಬಿಸಿಯಿರುವಾಗಲೇ ಇಳಿಬಿಟ್ಟು, ನೇರವಾಗಿ ಆರಲು ಕೊಡುತ್ತಿದ್ದೆ. ಆ ಹತ್ತು ನಿಮಿಷ ಗಿರಾಕಿಗೆ ಬೇಜಾರು, ನನಗೂ ಚಡಪಡಿಕೆ. ಆದರೂ ಕ್ಲಿಪ್ ಮುಟ್ಟುವುದಿಲ್ಲ. ಪೂರ್ತಿ ತಣ್ಣಗಾಗಿದೆಯೋ ಅಂತ ಕೆನ್ನೆಗೆ ತಾಗಿಸಿ ನೋಡಿ ಆಮೇಲೇ ಬಿಚ್ಚುವುದು.

ತಲೆ ತೊಳೆಯುವ ವಿಷಯ, ಮತ್ತು ಪೈಪು

ಕುತ್ತಿಗೆ ಹಿಂದಕ್ಕೆ ಬಾಗಿಸುವ ಬೇಸಿನ್ ನಮ್ಮಲ್ಲಿಲ್ಲ. ಸ್ನಾನದ ಮನೆಯ ಸಿಂಕಿಗೆ ಕುರ್ಚಿ ಒರಗಿಸಿ ಟವೆಲ್ ಇಟ್ಟು ಎರಡು ಸಲ ಮಾಡಿದೆ. 1993ರಲ್ಲಿ ಅಮೆರಿಕದ ನರರೋಗ ವೈದ್ಯ ಮೈಕೆಲ್ ವೈಂಟ್ರಾಬ್, ಪಾರ್ಲರಿನಲ್ಲಿ ಹಾಗೆ ತಲೆ ಹಿಂದಕ್ಕೆ ಚಾಚಿ ತೊಳೆಸಿಕೊಂಡ ಮೇಲೆ ಪಾರ್ಶ್ವವಾಯು ಥರದ ತೊಂದರೆ ಆದ ಐವರ ಬಗ್ಗೆ ಬರೆದಿದ್ದರು. ಕುತ್ತಿಗೆಯ ರಕ್ತನಾಳದ ಮೇಲೆ ಒತ್ತಡ ಬಿದ್ದದ್ದು ಕಾರಣ. ಅಪರೂಪದ ಸಂಗತಿಯೇ. ಆದರೆ ನನ್ನ ಸಿಂಕಿನ ಅಂಚು ಚೂಪು, ಬರುವವರಲ್ಲಿ ಅರುವತ್ತು ದಾಟಿದವರೂ ಇದ್ದಾರೆ. ಓದಿದ ದಿನವೇ ನಿಲ್ಲಿಸಿದೆ. ಈಗ ಎಲ್ಲರೂ ಮನೆಯಲ್ಲೇ ತಲೆ ತೊಳೆದು ಬರಬೇಕು, ನಾನು ನೀರು ಚಿಮುಕಿಸಿ ಕತ್ತರಿಸುತ್ತೇನೆ.

ಆದರೆ ಆ ಎರಡು ತಲೆ ಮತ್ತು ನಾನು ಬ್ರಷ್ಷು ತೊಳೆದ ನೀರು ಸಾಕಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ಸಿಂಕಿನಲ್ಲಿ ನೀರು ನಿಂತುಬಿಟ್ಟಿತು. ಆಫೀಸಿಗೆ ಹೊರಡುವ ಹೊತ್ತು. ಆಂಟಿ ಹೇಳಿದ್ದು ನೆನಪಾಯಿತು.

ಕಟ್ಟಿದ ಪೈಪಿಗೆ ಸುರಿಯುವ ಪುಡಿ ನಾನು ಹಾಕಲಿಲ್ಲ. ಅದು ಕಾಸ್ಟಿಕ್ ಸೋಡಾ, ನೀರು ತಾಗಿದರೆ ಕೊತಕೊತ ಬಿಸಿಯಾಗುತ್ತದೆ, ಹಳೇ ಜೋಡಣೆ ಮೆತ್ತಗಾಗಬಹುದು. ಆಮೇಲೆ ಕೈ ಹಾಕಬೇಕಾದವಳೂ ನಾನೇ. ಸಿಂಕಿನ ಕೆಳಗೆ ಬಕೆಟ್ ಇಟ್ಟು, ಬಾಗಿದ ಪೈಪಿನ ಎರಡು ದೊಡ್ಡ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿದೆ. ದಡಕ್ಕನೆ ಕಪ್ಪು ನೀರು, ಅದರ ಹಿಂದೆ ಇಲಿಯಷ್ಟು ದಪ್ಪದ ಒಂದು ಮುದ್ದೆ. ಕೂದಲಷ್ಟೇ ಆಗಿದ್ದರೆ ಹರಿದು ಹೋಗುತ್ತಿತ್ತೋ ಏನೋ. ಕಂಡೀಷನರಿನ ಜಿಡ್ಡು ಎಲ್ಲವನ್ನೂ ಹೆಣೆದು ಹಗ್ಗ ಮಾಡಿತ್ತು. ವಾಪಸ್ ಹಾಕುವಾಗ ರಬ್ಬರ್ ವಾಷರ್ ಉಲ್ಟಾ ಕೂತು ಸೋರಿತು. ಬಿಚ್ಚಿ, ಇಳಿಜಾರಿನ ಬದಿ ಸರಿಯಾಗಿ ಕೂರಿಸಿದ ಮೇಲೆ ನಿಂತಿತು. ಆಫೀಸಿಗೆ ನಲವತ್ತು ನಿಮಿಷ ತಡ. ಈಗ ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಇದೆ. ಬ್ರಷ್ಷಿನ ಕೂದಲು ಒಣಗಿದಾಗಲೇ ಕಿತ್ತು ಕಸದ ಬುಟ್ಟಿಗೆ ಹಾಕಿ, ಆಮೇಲೆ ನೀರು ತಾಗಿಸುವುದು.

ಬಾಚಣಿಗೆ ತೊಳೆಯುವ ಕ್ರಮವೂ ಅಲ್ಲಿಂದಲೇ ಗಟ್ಟಿಯಾಯಿತು. ಮೊದಲು ಕೂದಲು ತೆಗೆ, ಸೋಪಿನಲ್ಲಿ ಉಜ್ಜು, ಒರೆಸು, ಆಮೇಲಷ್ಟೇ ಸೋಂಕು ನಾಶಕದ ದ್ರಾವಣ, ಡಬ್ಬದ ಮೇಲೆ ಬರೆದಷ್ಟು ನಿಮಿಷ. ಜಿಡ್ಡಿನ ಮೇಲೆ ಎಂಥ ಔಷಧಿ ಹಾಕಿದರೂ ಅದು ಜಿಡ್ಡನ್ನೇ ತೊಳೆಯುತ್ತಾ ಕೂರುತ್ತದೆ. ಕತ್ತರಿಗೆ 70 ಶೇಕಡಾ ಆಲ್ಕೋಹಾಲ್. 99ರದ್ದು ಇನ್ನೂ ಜೋರು ಅಂದುಕೊಂಡು ತಂದಿದ್ದೆ. ಅದು ಕೆಲಸ ಮಾಡುವ ಮೊದಲೇ ಆರಿಹೋಗುತ್ತದೆ, ಆ 30 ಭಾಗ ನೀರು ಬೇಕೇ ಬೇಕು. ಕತ್ತರಿಯನ್ನು ಬ್ಲೀಚಿನಲ್ಲಿ ನೆನೆಸಬೇಡಿ, ತುಕ್ಕು ಹಿಡಿಯುತ್ತದೆ.

ಹೇನು

ಹತ್ತು ವರ್ಷದ ಹುಡುಗಿ, ಅಮ್ಮನ ಜೊತೆ ಬಂದಿದ್ದಳು. ಜಡೆ ಬಿಚ್ಚಿ ಕಿವಿಯ ಹಿಂದಿನ ಕೂದಲು ಎತ್ತಿದೆ. ಬುಡದ ಹತ್ತಿರ ಎಳ್ಳಿಗಿಂತ ಸಣ್ಣ ಸೀರುಗಳು, ಬೆರಳಿನಿಂದ ಜಾರಿಸಿದರೆ ಜಾರಲಿಲ್ಲ. ಹೊಟ್ಟಾಗಿದ್ದರೆ ಉದುರುತ್ತಿತ್ತು. ಕನ್ನಡಿಯಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಮುಖ ಬದಲಾಯಿಸದೆ ಕೂದಲು ಇಳಿಬಿಟ್ಟು, "ಪುಟ್ಟಿ, ಒಂದು ನಿಮಿಷ ಅಕ್ಕನ ಸೈಕಲ್ ನೋಡ್ತಿರು" ಅಂದು ಅಮ್ಮನನ್ನು ಹೊರಗೆ ಕರೆದೆ.

ಆಕೆಗೆ ಕಣ್ಣಲ್ಲಿ ನೀರೇ ಬಂತು. "ದಿನಾ ಬಾಚ್ತೀನಿ ಅಕ್ಕ, ಹೆಂಗೆ ಬಂತೋ." ಕೊಳಕಿನಿಂದ ಬರುವುದಲ್ಲ, ತಲೆಗೆ ತಲೆ ತಾಗಿದರೆ ಬರುತ್ತದೆ, ಶಾಲೆಗೆ ಹೋಗುವ ಮಕ್ಕಳಲ್ಲಿ ಮಾಮೂಲು ಅಂತ ಹೇಳಿದೆ. ಆವತ್ತಿನ ಕೆಲಸ ನಿಲ್ಲಿಸಿ, ಪೂರ್ತಿ ಹೋದ ಮೇಲೆ ಬನ್ನಿ ಅಂದೆ. ಅವರು ಹೋದ ಮೇಲೆ ಮುಟ್ಟಿದ ಬಾಚಣಿಗೆ, ಕ್ಲಿಪ್ಪುಗಳನ್ನೆಲ್ಲ ಬಿಸಿನೀರಿಗೆ ಹಾಕಿದೆ. 54 ಡಿಗ್ರಿಗಿಂತ ಬಿಸಿ ಇರುವ ನೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಿ ಅನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಮೈಮೇಲಿನ ಹೊದಿಕೆ ಬಟ್ಟೆಯೂ ಬಿಸಿನೀರಿಗೆ. ಆ ದಿನ ಮುಂದಿನ ಗಿರಾಕಿಗೆ ಫೋನ್ ಮಾಡಿ ಒಂದು ಗಂಟೆ ಮುಂದಕ್ಕೆ ಹಾಕಿದೆ, ಕಾರಣ ಹೇಳಲಿಲ್ಲ. ಅದಾದ ಮೇಲೆ ಬಾಚಣಿಗೆ, ಕ್ಲಿಪ್ಪು, ಹೊದಿಕೆ ಮೂರು ಜೊತೆ ಇಟ್ಟುಕೊಂಡಿದ್ದೇನೆ. ಆ ಮಗು ಎರಡು ವಾರ ಬಿಟ್ಟು ಬಂತು, ಬಂದವಳೇ ನೇರ ಸೈಕಲ್ ಹತ್ತಿರ ಹೋದಳು.

ಗಡಿಯಾರ

ಎಷ್ಟು ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ಮೊದಲ ಎರಡು ತಿಂಗಳು ನಾನು ಮುಳುಗಿದ್ದೆ. ಕತ್ತರಿ ಹಿಡಿದ ಹೊತ್ತನ್ನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಒಂದು ಭಾನುವಾರ ಫೋನಿನಲ್ಲಿ ಪ್ರತಿಯೊಂದಕ್ಕೂ ಸಮಯ ಹಿಡಿದೆ. ಮೇಜು ಸರಿಸಿ, ಹಾಳೆ ಹಾಸಿ, ಕನ್ನಡಿ ನಿಲ್ಲಿಸುವುದು 20 ನಿಮಿಷ. ಒಬ್ಬರ ಕೂದಲು 55. ಗುಡಿಸಿ, ತೊಳೆದು, ನೆನೆಸಿ, ಮಡಚಿ ಇಡುವುದು 30. ಮಾತುಕತೆ, ಬಾಗಿಲವರೆಗೆ ಬಿಟ್ಟುಬರುವುದು 15, ಅದನ್ನು ಕಡಿಮೆ ಮಾಡಲು ಮನಸ್ಸಿಲ್ಲ. ಒಟ್ಟು ಎರಡು ಗಂಟೆ. ನಾನು ಅರ್ಧಕ್ಕೂ ಕಡಿಮೆ ಹೊತ್ತಿಗೆ ಕೂಲಿ ತೆಗೆದುಕೊಳ್ಳುತ್ತಿದ್ದೆ.

ಹಾಗಾಗಿ ಒಬ್ಬರಿಗಾಗಿ ಕೋಣೆ ತೆರೆಯುವುದನ್ನು ಬಿಟ್ಟೆ. ಒಂದು ದಿನಕ್ಕೆ ಕನಿಷ್ಠ ಇಬ್ಬರು, ಹೆಚ್ಚೆಂದರೆ ಮೂವರು, ಬೆನ್ನಿಗೆ ಬೆನ್ನು, ನಡುವೆ 20 ನಿಮಿಷ ಬಿಡುವು. ಆ ಬಿಡುವು ಇಲ್ಲದಿದ್ದರೆ ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ನಮ್ಮ ಹಾಲ್‌ನಲ್ಲಿ, ಮನೆಯವರು ಬನಿಯನ್ನಿನಲ್ಲಿ. ದರ ಏರಿಸಿದಾಗ ಇಬ್ಬರು ಬಿಟ್ಟುಹೋದರು. ಉಳಿದವರು ಏನೂ ಅನ್ನಲಿಲ್ಲ, ನಾನೇ ಒಂದು ವಾರ ನಿದ್ದೆಗೆಟ್ಟಿದ್ದು ದಂಡ.

ಇಡೀ ಅಂಗಡಿ ಈಗ ಮೂರು ಅಂತಸ್ತಿನ ಒಂದು ಟ್ರಾಲಿ. ಮೇಲೆ ಕತ್ತರಿ, ಬಾಲದ ಬಾಚಣಿಗೆ, ಕ್ಲಿಪ್ಪು. ನಡುವೆ ಬ್ರಷ್ಷು, ನೀರಿನ ಬಾಟಲಿ. ಕೆಳಗೆ ಡ್ರೈಯರ್, ಐರನ್, ಅವುಗಳನ್ನು ಬಿಸಿಯಿರುವಾಗ ಇಡಲು ಒಂದು ಟೈಲ್ಸ್ ತುಂಡು. ಬೀರುವಿನ ಪಕ್ಕದ ಸಂದಿಗೆ ತಳ್ಳಿದರೆ ಕಾಣುವುದಿಲ್ಲ. ಬಿಚ್ಚಿಡಲು ಮೊದಲು ಅರ್ಧ ಗಂಟೆ ಹಿಡಿಯುತ್ತಿದ್ದದ್ದು ಹೋದ ವಾರ 19 ನಿಮಿಷಕ್ಕೆ ಬಂತು.

ಬಾಕಿ ಇರುವ ಕೆಲಸ: ಕುರ್ಚಿ ಎಡಕ್ಕೆ ತಿರುಗಿದಾಗ ಕಿರ್ ಅನ್ನುತ್ತದೆ. ಬಲಗಡೆಯ ದೀಪ ಕಣ್ಣಿಗೆ ಸರಿ, ಫೋನಿನ ವಿಡಿಯೋದಲ್ಲಿ ಮಿಣುಕುತ್ತದೆ, ಅದರ ಡ್ರೈವರ್, ಅಂದರೆ ದೀಪಕ್ಕೆ ಕರೆಂಟನ್ನು ಹದ ಮಾಡಿ ಕೊಡುವ ಪುಟ್ಟ ಪೆಟ್ಟಿಗೆ, ಬದಲಾಯಿಸಬೇಕು. ನೆಲದ ಮಂಕಾದ ಜಾಗದ ಬಗ್ಗೆ ಆಂಟಿಗೆ ಹೇಳಬೇಕು. ಆಮೇಲೆ ಹೇರ್‌ಪಿನ್ನು. ಬುಧವಾರ ರಾತ್ರಿ ಮನೆಯವರು ಬರಿಗಾಲಲ್ಲಿ ಒಂದನ್ನು ಪತ್ತೆ ಹಚ್ಚಿದ ದಿನದಿಂದ ಎಣಿಸಿ ತೆಗೆದು ಎಣಿಸಿ ಇಡುತ್ತೇನೆ, ಅಯಸ್ಕಾಂತದ ಬಟ್ಟಲೂ ತಂದಿದ್ದೇನೆ. ಈ ಭಾನುವಾರ ಹೊರಗೆ ಹೋದದ್ದು 40. ಮೂರು ಸಲ ಎಣಿಸಿದೆ, ಬಟ್ಟಲಲ್ಲಿರುವುದು 39.